ಸಿಹಿ ವೈನ್ ಇಷ್ಟ ಅನ್ನೋಕೆ ನಾಚಿಕೆ ಯಾಕೆ?

ಬೆಂಗಳೂರಿನಿಂದ ಬಂದ ಗೆಳೆಯರು ಗ್ಲಾಸ್ ಕೈಗೆ ತಗೊಂಡ ಕೂಡಲೇ ಕೇಳುವುದು ಒಂದೇ, "ಇದು ಒಳ್ಳೇ ವೈನಾ?" ನಾನಿರುವುದು ಜರ್ಮನಿಯ ಮೈನ್ಸ್‌ನಲ್ಲಿ. ಊರಾಚೆ ಹೋದರೆ ರೈನ್‌ಹೆಸ್ಸನ್ನಿನ ದ್ರಾಕ್ಷಿ ತೋಟಗಳು. ಈ ದೇಶದ ಅತಿ ದೊಡ್ಡ ವೈನ್ ಸೀಮೆ ಅದು. ಅಲ್ಲಿನ ಹಳ್ಳಿಗಳಲ್ಲಿ ಕೇಳುವುದೇ ಬೇರೆ, "ನಿಮಗೆ ಎಂಥದ್ದು ಹಿಡಿಸುತ್ತೆ?" ಶುರು ಮಾಡಬೇಕಾದ್ದು ಇಲ್ಲಿಂದಲೇ ಅಂತ ನನಗೆ ಬಲವಾಗಿ ಅನಿಸುತ್ತದೆ.

ವೈನ್ ಮಾಡುವ ರೈತರು ಇಲ್ಲಿ ತಮ್ಮ ಅಂಗಳದಲ್ಲೇ ಮೇಜು ಹಾಕಿ ಕೂರಿಸುತ್ತಾರೆ. ಅದಕ್ಕೆ ಶ್ಟ್ರೌಸ್‌ವಿರ್ಟ್‌ಶಾಫ್ಟ್ ಅಂತ ಹೆಸರು. ವರ್ಷಕ್ಕೆ ನಾಲ್ಕು ತಿಂಗಳಿಗಿಂತ ಜಾಸ್ತಿ ನಡೆಸುವಂತಿಲ್ಲ. 40ಕ್ಕಿಂತ ಹೆಚ್ಚು ಸೀಟು ಇಡುವಂತಿಲ್ಲ. ತಾವು ಮಾಡಿದ ವೈನನ್ನೇ ಮಾರಬೇಕು. ಬಾಗಿಲಿಗೆ ಸೊಪ್ಪಿನ ಗೊಂಚಲು ಕಟ್ಟಿದ್ದರೆ ಸೀದಾ ಒಳಗೆ ಹೋಗಬಹುದು.

ಅಂಥ ಒಂದು ಮನೆಯಲ್ಲಿ ಯಜಮಾನಿ ನನ್ನ ಮುಂದೆ ಮೂರು ಗ್ಲಾಸ್ ಸಾಲಾಗಿ ಇಟ್ಟರು. ಮೂರೂ ರೀಸ್ಲಿಂಗ್ ಅನ್ನೋ ಬಿಳಿ ದ್ರಾಕ್ಷಿಯ ವೈನ್, ಮೂರೂ ಅವರದೇ ತೋಟದ್ದು. ಮೊದಲನೆಯದು ಟ್ರಾಕನ್, ಅಂದರೆ ಡ್ರೈ, ಸಿಹಿ ಗೊತ್ತೇ ಆಗದಷ್ಟು ಕಮ್ಮಿ. ಹುಳಿ ಚೆನ್ನಾಗಿದ್ದರೆ ಇದರಲ್ಲಿ ಲೀಟರಿಗೆ 9 ಗ್ರಾಂ ತನಕ ಸಕ್ಕರೆ ಇರಬಹುದು. ಎರಡನೆಯದು ಹಾಲ್ಬ್‌ಟ್ರಾಕನ್, ಅಂದರೆ ಅರ್ಧ ಡ್ರೈ, ಅದರಲ್ಲಿ 18 ಗ್ರಾಂ ತನಕ. ಮೂರನೆಯದು ಅದಕ್ಕೂ ಸಿಹಿಯಾದ ಲೀಬ್ಲಿಶ್. ರಸ ಹುದುಗುವುದನ್ನು ನಡುವೆಯೇ ನಿಲ್ಲಿಸಿದರೆ ಹಣ್ಣಿನ ಸಕ್ಕರೆ ಉಳಿಯುತ್ತದೆ, ಆಲ್ಕೋಹಾಲ್ ಕಮ್ಮಿಯಾಗುತ್ತದೆ. ಮೊದಲನೆಯದರ ಹುಳಿ ನಾಲಿಗೆಯ ಎರಡೂ ಪಕ್ಕ ಹಿಡಿಯಿತು. ಎರಡನೆಯದರಲ್ಲೂ ಹುಳಿ ಇತ್ತು, ಅದರ ಹಿಂದೆಯೇ ಒಂಚೂರು ಸಿಹಿ ಬಂತು. ಮೂರನೆಯದರ ಸಿಹಿ ನುಂಗಿದ ಮೇಲೂ ಬಾಯಲ್ಲಿ ಉಳಿಯಿತು. ನನ್ನ ಕೈ ಮತ್ತೆ ಮತ್ತೆ ಎರಡನೇ ಗ್ಲಾಸಿಗೇ ಹೋಗುತ್ತಿತ್ತು. ಆಕೆ ಅದನ್ನು ನೋಡಿ, ಏನೂ ಹೇಳದೆ ಆ ಬಾಟಲಿಯನ್ನೇ ತಂದು ಮೇಜಿನ ಮೇಲಿಟ್ಟರು.

ನಮ್ಮ ಕಡೆ ಇದು ತಿರುವುಮುರುವು. ದೊಡ್ಡ ಹೋಟೆಲಲ್ಲಿ ಮೊದಲು ರೇಟು ನೋಡುತ್ತೇವೆ. ರೆಡ್ ಕುಡಿದರೆ ಗತ್ತು, ಸಿಹಿ ಕೇಳಿದರೆ ಏನೂ ಗೊತ್ತಿಲ್ಲದವರು ಅನ್ನೋ ಲೆಕ್ಕ. (ಇಲ್ಲೂ ಟ್ರಾಕನ್ ಬಿಟ್ಟು ಬೇರೆಯದು ವೈನೇ ಅಲ್ಲ ಅನ್ನುವವರು ಇದ್ದಾರೆ, ಸುಮ್ನೆ ಮುಚ್ಚಿಡಬಾರದು.) ಸಾಲದ್ದಕ್ಕೆ ರೂಮ್ ಟೆಂಪರೇಚರ್ ಅಂತ ರೆಡ್ ವೈನನ್ನು 28 ಡಿಗ್ರಿಯಲ್ಲಿ ತಂದಿಡುತ್ತಾರೆ. ಅದಕ್ಕೆ ಸರಿಯಾದದ್ದು 16ರಿಂದ 18 ಡಿಗ್ರಿ. ಬೆಚ್ಚಗಾದರೆ ಆಲ್ಕೋಹಾಲ್ ಮುಂದಾಗಿ ಮೂಗಿಗೆ ಬಡಿಯುತ್ತದೆ. ಕುಡಿದವರು ನಂಗೆ ವೈನೇ ಆಗಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ಇದೇ ಜನ ಕಾಫಿಪುಡಿ ಅಂಗಡಿಯಲ್ಲಿ ಎಷ್ಟು ಗಟ್ಟಿ ಅಲ್ವಾ? "ಪೀಬರಿ ಅರ್ಧ, ಪ್ಲಾಂಟೇಶನ್ ಎ ಅರ್ಧ, ಚಿಕೋರಿ 15 ಪರ್ಸೆಂಟ್ ದಾಟಬಾರದು" ಅಂತ ಹೇಳಿ, ಎದುರಿಗೇ ನಿಂತು ಪುಡಿ ಮಾಡಿಸುತ್ತಾರೆ. ಪಕ್ಕದವರು 30 ಹಾಕಿಸಿಕೊಂಡರೆ ಅದು ಅವರಿಷ್ಟ. ಅದು ವರ್ಷಗಟ್ಟಲೆ ಕುಡಿದು, ಒಂದರ ಪಕ್ಕ ಒಂದಿಟ್ಟು ನೋಡಿ ಬಂದ ಧೈರ್ಯ.

ವೈನ್ ಓದಿದವರ ನಾಲಿಗೆ, ಮೂಗು ಕೂಡ ಕಣ್ಣಿನ ಮಾತು ಕೇಳುತ್ತವೆ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದರ ಘಮಕ್ಕೆ ರೆಡ್ ವೈನಿಗೆ ಬಳಸುವ ಪದಗಳನ್ನೇ ಬರೆದರು. 2001ರಲ್ಲಿ ಪ್ರಕಟವಾದ ಪ್ರಯೋಗ ಇದು.

ಅದಕ್ಕೇ ಇಲ್ಲಿ ಕನ್ನಡದ ಗೆಳೆಯರು ಸೇರಿದಾಗ ನಾವು ಬಾಟಲಿಗೆ ಪೇಪರ್ ಸುತ್ತಿಡುತ್ತೇವೆ. ಹೆಸರು, ರೇಟು ಎಲ್ಲ ಆಮೇಲೆ. ಉಗುಳೋಕೆ ಒಂದು ಪಾತ್ರೆ ಇರುತ್ತದೆ, ಕಾರು ಓಡಿಸುವವರು ನುಂಗುವುದೇ ಇಲ್ಲ. ಜೊತೆಗೆ ನಮ್ಮದೇ ಅಡುಗೆ ಇರಲೇಬೇಕು. ಯಾಕಂದ್ರೆ ಖಾರದ ಮುಂದೆ ವೈನಿನ ರುಚಿ ಪೂರಾ ಬದಲಾಗುತ್ತದೆ. ರೆಡ್ ವೈನಿನ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್. ಅದು ಜಾಸ್ತಿ ಇದ್ದರೆ ಮೆಣಸಿನಕಾಯಿಯ ಉರಿ ಇನ್ನೂ ಏರುತ್ತದೆ. ಕೋರಿ ಗಸಿ ಜೊತೆ ಸ್ವಲ್ಪ ಸಿಹಿ ಉಳಿದ ರೀಸ್ಲಿಂಗ್ ತಣ್ಣಗೆ ಕುಡಿದು ನೋಡಿ, ಉರಿ ತಗ್ಗುತ್ತದೆ, ಮಸಾಲೆಯ ರುಚಿ ಉಳಿಯುತ್ತದೆ. ಕಾಚಂಪುಳಿ ಹಾಕಿದ ಪಂದಿ ಕರಿಗೆ ಮಾತ್ರ ನನಗೆ ಒಗರು ಕಮ್ಮಿ ಇರುವ ಪಿನೋ ನ್ವಾ ಅನ್ನೋ ರೆಡ್ ವೈನ್ ಬೇಕು. ನಮ್ಮಲ್ಲೊಬ್ಬರಿಗೆ ಖಾರದ ಜೊತೆಗೂ ಬಾಯಿ ಕಟ್ಟುವಂಥ ಒಗರೇ ಇಷ್ಟ. ಅವರ ಬಾಟಲಿ ಅವರಿಗೆ.

ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಕಂಪನಿ 1988ರಲ್ಲೇ ಶುರುವಾಯಿತು. ಈಗ ಆ ಕಡೆ ತೋಟ ನೋಡುವುದು, ಟೇಸ್ಟಿಂಗ್ ಎಲ್ಲ ಇದೆ. ಅಲ್ಲಿ ಕೂತವರ ಮುಂದೆ ಮಸಾಲೆ ವಡೆ, ನಾಟಿ ಕೋಳಿ ಸಾರು ಇಡಬೇಕು ಅನ್ನೋದು ನನ್ನ ಆಸೆ. ಆ ಸುತ್ತಿನಲ್ಲೇ ಬೆಳೆಯುವ, 2013ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನನ್ನೂ ಕ್ಯಾಬರ್ನೆ, ಶಿರಾಜ್‌ನಂಥ ಹೆಸರಾಂತ ರೆಡ್ ವೈನ್‌ಗಳ ಪಕ್ಕದಲ್ಲೇ ಇಡಲಿ, ಹೆಸರು ಮುಚ್ಚಿ. ಜನ ಎರಡನೇ ಸಲ ಯಾವುದನ್ನು ಕೇಳುತ್ತಾರೆ ಅಂತ ನೋಡೋಣ.