ಅಂಕಪಟ್ಟಿ ಹೇಳದ್ದನ್ನು ಮಕ್ಕಳೇ ಬರೆಯಲಿ

1994ರಿಂದ ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟು ಎಂದರೆ ಸಿಇಟಿ. ಈಗಿನ ಲೆಕ್ಕದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ತಲಾ 60ರಂತೆ 180 ಅಂಕ. ಅದರ ಜೊತೆ ಪಿಯುಸಿ ಅಂಕ ಸೇರಿ ರ್‍ಯಾಂಕ್ ಬರುತ್ತದೆ. ನೀನು ಎಂಥವನು, ಯಾವುದರ ಬಗ್ಗೆ ಯೋಚಿಸುತ್ತೀಯ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮಂಥವರ ಮಕ್ಕಳು ಹನ್ನೆರಡನೆಯ ತರಗತಿಗೆ ಬಂದಾಗ ಕಾಲೇಜು ಪ್ರವೇಶದ ಅರ್ಜಿಯಲ್ಲಿ ಎದುರಾಗುವುದು ಅದೇ ಪ್ರಶ್ನೆ; ಉತ್ತರವನ್ನು ಪ್ರಬಂಧವಾಗಿ ಬರೆಯಬೇಕು. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ ಕಾಮನ್ ಅಪ್ಲಿಕೇಶನ್‌ನಲ್ಲಿ ಉತ್ತರಕ್ಕೆ ಗರಿಷ್ಠ 650 ಪದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ 350 ಪದಗಳೊಳಗೆ ಬರೆಯಬೇಕು.

ಪರಿಚಯದ ಮನೆಗಳ ಮಕ್ಕಳು ಬರೆದದ್ದನ್ನು ಓದಿ ಅಭಿಪ್ರಾಯ ಹೇಳುವ ಅವಕಾಶ ನನಗೆ ಆಗಾಗ ಸಿಗುತ್ತದೆ. ಹೆಚ್ಚಿನವು ವಾಕ್ಯಗಳಲ್ಲಿ ಬರೆದ ಅಂಕಪಟ್ಟಿಗಳಂತಿರುತ್ತವೆ. ರೋಬೋಟಿಕ್ಸ್ ತಂಡದ ನಾಯಕತ್ವ, ಭರತನಾಟ್ಯದ ರಂಗಪ್ರವೇಶ, ಗಣಿತದ ಬಹುಮಾನ ಎಂದು ಸಾಧನೆಗಳು ಸಾಲಾಗಿ ನಿಂತಿರುತ್ತವೆ. ಅವುಗಳಿಗೆಂದೇ ಅರ್ಜಿಯಲ್ಲಿ ಬೇರೆ ಜಾಗವಿದೆ: ಕಾಮನ್ ಅಪ್ಲಿಕೇಶನ್‌ನಲ್ಲಿ ಚಟುವಟಿಕೆಗಳಿಗೆ ಹತ್ತು, ಪ್ರಶಸ್ತಿಗಳಿಗೆ ಐದು. ಅದನ್ನೇ ಪ್ರಬಂಧದಲ್ಲಿ ಮತ್ತೆ ಬರೆದರೆ, ಓದುವವರಿಗೆ ಆ ಮಗುವಿನ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

ಒಬ್ಬ ಹುಡುಗನ ಬರಹ ನನಗೆ ಇಂದಿಗೂ ನೆನಪಿದೆ. ಮೊದಲ ಕರಡಿನಲ್ಲಿ ಅವನು ಕನ್ನಡ ಸಂಘದಲ್ಲಿ ಸ್ವಯಂಸೇವಕನಾಗಿದ್ದರಿಂದ ಸಮಾಜಸೇವೆಯ ಮಹತ್ವ ಅರಿವಾಯಿತು ಎಂದು ಬರೆದಿದ್ದ. ನಿಜವಾಗಿ ಏನು ಮಾಡುತ್ತಿದ್ದೆ ಎಂದು ಕೇಳಿದೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಧ್ವನಿವ್ಯವಸ್ಥೆ ನೋಡಿಕೊಳ್ಳುತ್ತಿದ್ದನಂತೆ. ಹಾಡುವವರು ಮೈಕ್ ಹಿಡಿದು ಮುಂದೆ ಬಂದಾಗಲೆಲ್ಲ ಕೀರಲು ಶಬ್ದ ಬರುತ್ತಿತ್ತು. ಸ್ಪೀಕರಿನ ಸದ್ದು ಮತ್ತೆ ಮೈಕಿನೊಳಗೆ ಹೋಗಿ, ಸುತ್ತಿ ಸುತ್ತಿ ದೊಡ್ಡದಾಗುತ್ತಿದೆ ಎಂಬುದನ್ನು ಅವನೇ ಕಂಡುಕೊಂಡಿದ್ದ. ಸ್ಪೀಕರುಗಳನ್ನು ವೇದಿಕೆಯ ಅಂಚಿನಿಂದ ಮುಂದಕ್ಕೆ ಸರಿಸಿದ. ಖಾಲಿ ಸಭಾಂಗಣದಲ್ಲಿ ಸರಿಯಾಗಿದ್ದದ್ದು ಜನ ತುಂಬಿದಾಗ ಏಕೆ ಬೇರೆಯಾಗಿ ಕೇಳಿಸುತ್ತದೆ ಎಂಬ ಪ್ರಶ್ನೆ ಮಾತ್ರ ಅವನನ್ನು ಬಿಡಲಿಲ್ಲ. ಮುಂದಿನ ಕರಡಿನಲ್ಲಿ ಅವನು ಇದನ್ನೇ ಬರೆದ. ಸೇವೆ, ನಾಯಕತ್ವ ಎಂಬ ಪದಗಳು ಅಲ್ಲಿರಲಿಲ್ಲ. ಓದಿದವರಿಗೆ ಹುಡುಗ ಮಾತ್ರ ಸ್ಪಷ್ಟವಾಗಿ ಕಾಣುತ್ತಿದ್ದ.

ಬರೆದ ಪುಟದ ಕೆಳಗೆ ಬೇರೊಂದು ಮಗುವಿನ ಹೆಸರು ಹಾಕಿದರೂ ಅದು ಹೊಂದಿಕೊಂಡುಬಿಟ್ಟರೆ, ಮತ್ತೆ ಬರೆಯಬೇಕು. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಎರಡನೆಯದು, 'ಇದರಿಂದ ನಾನು ಕಲಿತ ಪಾಠವೇನೆಂದರೆ' ಎಂದು ಶುರುವಾಗುವ ಕೊನೆಯ ಪರಿಚ್ಛೇದವನ್ನು ಸಾಮಾನ್ಯವಾಗಿ ಹೊಡೆದುಹಾಕಬಹುದು. ಅಜ್ಜಿಯ ಬಗ್ಗೆ ಬರೆಯುವ ಮಕ್ಕಳೂ ಬಹಳ. ಬರೆಯಲಿ, ಆದರೆ ಮುಗಿಯುವಷ್ಟರಲ್ಲಿ ಓದುಗನಿಗೆ ಅಜ್ಜಿಗಿಂತ ಮೊಮ್ಮಗಳು ಹೆಚ್ಚು ಪರಿಚಯವಾಗಿರಬೇಕು.

ನಮ್ಮ ಮನೆಗಳಲ್ಲಿ ಇದು ಕಷ್ಟವಾಗುವುದಕ್ಕೆ ಕಾರಣ ಇಂಗ್ಲಿಷ್ ಅಲ್ಲ. ಈ ಮಕ್ಕಳ ಇಂಗ್ಲಿಷ್ ನಮ್ಮದಕ್ಕಿಂತ ಚೆನ್ನಾಗಿದೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳಬಾರದು ಎಂದು ನಾವು ಬೆಳೆದಿದ್ದೇವೆ, ಹಾಗೆಯೇ ಬೆಳೆಸುತ್ತೇವೆ. ಅದೇ ಹೊತ್ತಿಗೆ ನೆಂಟರೆದುರು ಮಗುವಿನ ಅಂಕ, ಬಹುಮಾನಗಳನ್ನು ನಾವೇ ಹೇಳುತ್ತೇವೆ. ಹಾಗಾಗಿ ಮಗುವಿಗೆ ತನ್ನ ಬಗ್ಗೆ ಮಾತನಾಡಲು ಗೊತ್ತಿರುವ ರೀತಿ ಬಹುಮಾನದ ಪಟ್ಟಿಯೊಂದೇ. ತನಗೆ ಏನು ತೋಚಿತು, ಎಲ್ಲಿ ಗೊಂದಲವಾಯಿತು ಎಂದು ನೇರವಾಗಿ ಹೇಳುವುದು ಜಂಭವಲ್ಲ ಎಂಬುದನ್ನು ನಾವು ಅವರಿಗೆ ಕಲಿಸಿಲ್ಲ.

ಅಮೆರಿಕದ ಪದ್ಧತಿಯೇ ಮೇಲು ಎಂದು ನಾನು ಹೇಳಲಾರೆ. 1920ರ ದಶಕದಲ್ಲಿ ಹಾರ್ವರ್ಡ್‌ನಂಥ ಸಂಸ್ಥೆಗಳು ಅಂಕದ ಜೊತೆಗೆ 'ವ್ಯಕ್ತಿತ್ವ'ವನ್ನು ಅಳೆಯಲು ಹೊರಟದ್ದರ ಹಿಂದೆ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸುವ ಉದ್ದೇಶವಿತ್ತು. ಇಂದು ದುಬಾರಿ ಸಲಹೆಗಾರರನ್ನು ಇಟ್ಟುಕೊಳ್ಳುವ ಮನೆಯ ಮಗುವಿನ ಪ್ರಬಂಧವೂ, ಪಾಠ ಮುಗಿಸಿ ಅಂಗಡಿಯಲ್ಲಿ ದುಡಿಯುವ ಮಗುವಿನ ಪ್ರಬಂಧವೂ ಒಂದೇ ರಾಶಿಗೆ ಬೀಳುತ್ತವೆ. ಯಾರ ಪರಿಚಯವೂ ಇಲ್ಲದ ಹಳ್ಳಿಯ ಹುಡುಗಿಗೂ ರ್‍ಯಾಂಕಿನ ಬಲದಿಂದ ಸೀಟು ಕೊಡುವ ಸಿಇಟಿಯ ನಿಷ್ಠುರತೆ ನನಗೆ ಇಂದಿಗೂ ಗೌರವದ ಸಂಗತಿ. ಅಮೆರಿಕದಲ್ಲಿಯೂ ಶಾಲೆಯ ಅಂಕಗಳು, ಆರಿಸಿಕೊಂಡ ಪಠ್ಯಗಳ ಮಟ್ಟ ಮೊದಲು ಬರುತ್ತವೆ, ಪ್ರಬಂಧ ಆಮೇಲೆ. ಆದರೂ ಹದಿನೇಳರ ವಯಸ್ಸಿನಲ್ಲಿ ಒಮ್ಮೆ ಕುಳಿತು ತನ್ನನ್ನು ತಾನು ನೋಡಿಕೊಳ್ಳುವ ಈ ಕೆಲಸ ಕರ್ನಾಟಕದ ಪಿಯುಸಿ ಮಕ್ಕಳಿಗೂ ಸಿಗಲಿ ಎಂಬುದು ನನ್ನ ಬಲವಾದ ಆಸೆ. ಅದಕ್ಕೆ ಅಂಕ ಕೊಡುವುದು ಬೇಡ, ಸೀಟಿಗೆ ಜೋಡಿಸುವುದೂ ಬೇಡ.

ಇಲ್ಲಿರುವ ತಂದೆತಾಯಿಗಳಲ್ಲಿ ಒಂದು ಬಿನ್ನಹ. ಪ್ರಬಂಧವನ್ನು ನೀವು ತಿದ್ದಿ ನುಣುಪು ಮಾಡಬೇಡಿ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದನ್ನು ತನ್ನದೆಂದು ಕಳಿಸುವುದನ್ನು ಕಾಮನ್ ಅಪ್ಲಿಕೇಶನ್ ವಂಚನೆ ಎಂದೇ ಪರಿಗಣಿಸುತ್ತದೆ. ಹಲವು ಕಾಲೇಜುಗಳಿಗೆ ಬೇಗ ಅರ್ಜಿ ಹಾಕುವ ಗಡುವು ನವೆಂಬರ್ 1. ಆಗಸ್ಟ್‌ನಲ್ಲೇ ಮಗುವಿನೊಂದಿಗೆ ಕುಳಿತು, ಈ ವರ್ಷ ನಿನ್ನ ತಲೆಯನ್ನು ಹೆಚ್ಚು ಕೊರೆದದ್ದು ಯಾವುದು ಎಂದು ಕೇಳಿ. ಉತ್ತರ ಬರಲು ತಡವಾದರೆ ಕಾಯಿರಿ, ನೀವೇ ಉತ್ತರ ಕೊಡಬೇಡಿ.