ಸೀಬರ್ಡ್‌ಗೆ ಬಂದ ಸೀಬರ್ಡ್

ಬೆನ್ನ ಮೇಲೆ ಈಮೇಲ್ ವಿಳಾಸ ಹೊತ್ತುಕೊಂಡು ಬೇಹುಗಾರಿಕೆಗೆ ಹೊರಟ ಗೂಢಚಾರ ಬೇರೆಲ್ಲಾದರೂ ಸಿಕ್ಕಿದ್ದನ್ನು ನಾನು ಕೇಳಿಲ್ಲ. ನಮ್ಮ ಕಾರವಾರದಲ್ಲಿ ಸಿಕ್ಕಿದ. ಜಿಲ್ಲೆಗೆ ಇದಕ್ಕಿಂತ ಹೆಮ್ಮೆ ಬೇಕೆ?

ಕಥೆ ನಿಮಗೆ ಗೊತ್ತು. 2025ರ ಡಿಸೆಂಬರ್. ಟ್ಯಾಗೋರ್ ಬೀಚಿನ ಹತ್ತಿರ ಗಾಯಗೊಂಡ ಒಂದು ಸೀಗಲ್. ಬೆನ್ನಿಗೆ ಜಿಪಿಎಸ್ ಡಬ್ಬಿ, ಅದಕ್ಕೊಂದು ಪುಟ್ಟ ಸೋಲಾರ್ ಪ್ಯಾನೆಲ್. ವಿಳಾಸ ಹುಡುಕಿದರೆ ಚೀನಾದ ವಿಜ್ಞಾನ ಅಕಾಡೆಮಿ. ಪಕ್ಕದಲ್ಲೇ ನೌಕಾನೆಲೆ. ಆಮೇಲೆ ಕೇಳಬೇಕೆ? ಟೀವಿಯಲ್ಲಿ ಹಕ್ಕಿಯ ಸುತ್ತ ಕೆಂಪು ವೃತ್ತ, ಪಕ್ಕದಲ್ಲಿ ಯುದ್ಧನೌಕೆ, ಹಿಂದೆ ಢಂ ಢಂ ಅನ್ನುವ ಸಂಗೀತ. ಪೊಲೀಸರು, ಅರಣ್ಯದವರು ಸಮಾಧಾನದಿಂದಲೇ ‘ಸಂಶೋಧನೆಗೆ ಕಟ್ಟಿದ್ದಿರಬಹುದು, ನೋಡ್ತೇವೆ’ ಅನ್ನುತ್ತಿದ್ದರು. ಅವರ ಮಾತು ಯಾರಿಗೆ ಬೇಕಿತ್ತು? ನಮ್ಮ ವಾಟ್ಸಾಪ್ ಗುಂಪಿನಲ್ಲಂತೂ ರಾತ್ರಿ ಹತ್ತರೊಳಗೆ ಹಕ್ಕಿ ತಪ್ಪೊಪ್ಪಿಕೊಂಡೂ ಆಗಿತ್ತು.

ನನಗೆ ಕಾಡಿದ್ದು ಆ ಈಮೇಲ್ ವಿಳಾಸ. ನಮ್ಮ ಮನೆಯಲ್ಲಿ ಒಂದು ಹಳೇ ಸ್ಟೀಲಿನ ಪಾತ್ರೆ ಇದೆ. ಅದರ ಕಂಠದಲ್ಲಿ ಅಜ್ಜನ ಹೆಸರಿನ ಮೂರು ಅಕ್ಷರ ಕೆತ್ತಿಸಿದ್ದಾರೆ. ಊರಲ್ಲಿ ಯಾರ ಮನೆಯ ಮದುವೆಗೆ, ತಿಥಿಗೆ ಹೋದರೂ ವಾಪಸು ಬರಲಿ ಅಂತ. ಹೆಸರು ಇರುವುದು ಕಳೆದುಹೋದರೆ ಸಿಗಲಿ ಎಂದು, ಅಲ್ವಾ? ಟೀವಿಯವರ ಲೆಕ್ಕ ಹಿಡಿದರೆ ನಮ್ಮ ಪಾತ್ರೆಯೂ ಗೂಢಚಾರನೇ. ಅಷ್ಟು ವರ್ಷದಿಂದ ಅಷ್ಟು ಜನರ ಅಡುಗೆಮನೆ ಹೊಕ್ಕು ಬಂದಿದೆ. ಯಾರ ಮನೆ ಪಾಯಸದಲ್ಲಿ ಗೋಡಂಬಿ ಎಷ್ಟು ಅಂತ ಅದಕ್ಕಿಂತ ಚೆನ್ನಾಗಿ ಗೊತ್ತಿದ್ದವರು ಇಲ್ಲ.

ಆ ಡಬ್ಬಿ ಮಾಡುವ ಕೆಲಸ ಇಷ್ಟೆ. ಹಕ್ಕಿ ಈಗ ಎಲ್ಲಿದೆ ಅಂತ ಗುರುತು ಹಾಕಿಕೊಳ್ಳುವುದು. ಉಪಗ್ರಹವೋ ಮೊಬೈಲ್ ಟವರೋ ಸಿಕ್ಕಾಗ ಅದನ್ನು ಕಳಿಸುವುದು. ಟವರ್ ನಂಬಿಕೊಂಡ ಡಬ್ಬಿಯಾದರೆ ದೇಶದ ಭದ್ರತೆಗೆ ಸುಲಭದ ಉಪಾಯ ಇದೆ. ಹಕ್ಕಿಯನ್ನು ಟವರೇ ಸಿಗದ ನಮ್ಮ ಜೋಯಿಡಾ ಕಾಡಿನ ಕಡೆ ಓಡಿಸಿದರೆ ಸಾಕು. ಚೀನಾದವರಿಗೆ ಇವತ್ತಿಗೂ ಸುದ್ದಿ ಮುಟ್ಟುವುದಿಲ್ಲ.

ನಮಗೆ ಇದು ಮೊದಲ ಕೇಸೂ ಅಲ್ಲ. 2024ರ ನವೆಂಬರಿನಲ್ಲಿ ಬಂದದ್ದು ರಣಹದ್ದು. ಅದಕ್ಕೂ ಬೆನ್ನಿಗೆ ಡಬ್ಬಿ. ಕೈಗಾ ಅಣುಸ್ಥಾವರ, ಕದ್ರಾ ಅಣೆಕಟ್ಟು, ಎಲ್ಲದರ ಹೆಸರೂ ಬಂತು. ಕೊನೆಗೆ ನೋಡಿದರೆ ಮಹಾರಾಷ್ಟ್ರದ ತಾಡೋಬಾ ಹುಲಿ ಕಾಡಿನಿಂದ ಬಂದದ್ದು. ‘ಓ, ಮಹಾರಾಷ್ಟ್ರದ್ದಾ’ ಅಂತ ಎಲ್ಲರೂ ನಿರಾಳವಾದರು. ನನಗೆ ಅನುಮಾನ ಜಾಸ್ತಿಯಾದದ್ದೇ ಆಗ. ಕಾರವಾರ ತಮಗೆ ಸೇರಬೇಕು ಅಂತ ಗಡಿ ಜಗಳದ ಮಹಾಜನ ಆಯೋಗದ ಕಾಲದಿಂದ ಕೇಳುತ್ತಾ ಬಂದವರು ಚೀನಾದವರಲ್ಲವಲ್ಲ!

ತಮಾಷೆ ಬಿಡಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧಿಯಿಂದ ದೇಶದ ರಣಹದ್ದುಗಳು ಹೆಚ್ಚುಕಡಿಮೆ ಮುಗಿದೇ ಹೋಗಿದ್ದವು. ಪಶುಗಳಿಗೆ ಅದನ್ನು ಕೊಡಬಾರದು ಅಂತ ಸರ್ಕಾರ ಹೇಳಿದ್ದು 2006ರಲ್ಲಿ. ಅಂಥ ಹಕ್ಕಿಯೊಂದು ಅಷ್ಟು ದೂರದಿಂದ ನಮ್ಮೂರಿಗೆ ಬಂದರೆ ಪೇಡೆ ಹಂಚಬೇಕಿತ್ತು. ನಾವು ಅದರ ಆಧಾರ್ ಕಾರ್ಡ್ ಕೇಳಿದೆವು.

ಮುಂಬಯಿಯವರು ನಮಗಿಂತ ಗಟ್ಟಿ. ಅಲ್ಲಿ 2023ರ ಮೇ ತಿಂಗಳಲ್ಲಿ ಒಂದು ಪಾರಿವಾಳ ಸಿಕ್ಕಿತು. ರೆಕ್ಕೆ ಮೇಲೆ ಚೀನೀ ಅಕ್ಷರದಂಥದ್ದು ಇತ್ತಂತೆ. ಎಂಟು ತಿಂಗಳು ಪ್ರಾಣಿಗಳ ಆಸ್ಪತ್ರೆಯಲ್ಲಿ ಬಂಧನ. ಆಮೇಲೆ ಗೊತ್ತಾಯಿತು, ಅದು ತೈವಾನಿನ ರೇಸ್ ಪಾರಿವಾಳ. ಚೀನಾಕ್ಕೂ ತೈವಾನಿಗೂ ಎಷ್ಟು ಪ್ರೀತಿ ಅಂತ ಜಗತ್ತಿಗೇ ಗೊತ್ತು. ಆ ಪಾರಿವಾಳಕ್ಕೆ ಎಷ್ಟು ಬೇಜಾರಾಗಿರಬಹುದು ಯೋಚಿಸಿ.

ಇನ್ನು ನಮ್ಮವರು ಏನು ಮಾಡುತ್ತಾರೆ ಕೇಳಿ. ಮಣಿಪುರಕ್ಕೆ ಅಮುರ್ ಫಾಲ್ಕನ್ ಅನ್ನುವ ಪುಟ್ಟ ಬೇಟೆ ಹಕ್ಕಿ ಬರುತ್ತದೆ. ನಮ್ಮ ವನ್ಯಜೀವಿ ಸಂಸ್ಥೆಯವರು ಅದನ್ನು ಹಿಡಿದು, ಬೆನ್ನಿಗೆ ಡಬ್ಬಿ ಕಟ್ಟಿ ಬಿಡುತ್ತಾರೆ. ಅದು ಅರಬ್ಬೀ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತದೆ. ನಾವೆಲ್ಲ ಪೇಪರಿನಲ್ಲಿ ಓದಿ ಚಪ್ಪಾಳೆ ತಟ್ಟುತ್ತೇವೆ. ಆ ಹಕ್ಕಿ ಬೇಸಿಗೆ ಕಳೆದು ಮರಿ ಮಾಡುವುದು ಎಲ್ಲಿ ಗೊತ್ತಾ? ಪೂರ್ವ ರಷ್ಯಾ ಮತ್ತು ಉತ್ತರ ಚೀನಾದಲ್ಲಿ. ಅಂದರೆ ಭಾರತ ಸರ್ಕಾರದ ಡಬ್ಬಿ ಹೊತ್ತ ಹಕ್ಕಿ ಚೀನಾದ ಆಕಾಶದಲ್ಲಿ. ಅಲ್ಲಿನ ಟೀವಿಯವರಿಗೆ ಯಾರೂ ಹೇಳಬೇಡಿ.

ನಮ್ಮ ದಂಡೆಗೆ ಚಳಿಗಾಲದಲ್ಲಿ ಬರುವ ಸೀಗಲ್‌ಗಳ ಪೈಕಿ ಒಂದು ಜಾತಿ ಇದೆ, ಕಂದು ತಲೆಯದು. ಲಡಾಖ್ ಮತ್ತು ಟಿಬೆಟಿನ ಎತ್ತರದ ಸರೋವರಗಳಲ್ಲಿ ಮರಿ ಮಾಡುತ್ತದೆ. ಪ್ಯಾಂಗಾಂಗ್ ಸರೋವರದ ಫೋಟೋಗಳಲ್ಲಿ ಪ್ರವಾಸಿಗರ ತಲೆ ಮೇಲೆ ಹಾರಾಡುತ್ತಿರುತ್ತದಲ್ಲ, ಅದೇ. ಆ ಸರೋವರದ ಒಂದು ತುದಿ ನಮ್ಮದು, ಇನ್ನೊಂದು ತುದಿ ಚೀನಾ ಕೈಯಲ್ಲಿ. ಎರಡೂ ಕಡೆಯ ಸೇನಾಧಿಕಾರಿಗಳು ಸುತ್ತು ಸುತ್ತು ಮಾತುಕತೆ ಮಾಡಿದ ಗಡಿಯನ್ನು ಇದು ಬೆಳಗಿನ ತಿಂಡಿ ಹುಡುಕುತ್ತಾ ನಾಲ್ಕು ಸಲ ದಾಟುತ್ತದೆ.

ವಲಸೆ ಅಂದರೆ ನಮಗೇನು ಹೊಸತಾ? ಶಿರಸಿ ಸೀಮೆಯ ಎಷ್ಟೋ ತೋಟದ ಮನೆಗಳಲ್ಲಿ ಈಗ ಉಳಿದಿರುವುದು ಎರಡೆರಡು ಮುದಿ ಜೀವ. ಮರಿಗಳೆಲ್ಲ ಬೆಂಗಳೂರಿನಲ್ಲಿ. ದೀಪಾವಳಿಗೆ ಒಂದು ಹಿಂಡು ಬರುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆಗೆ ದೊಡ್ಡ ಹಿಂಡು. ಬರುವ ದಾರಿಯೂ ಹಕ್ಕಿಗಳ ಹಾಗೇ ನಿಗದಿ: ತುಮಕೂರು, ದಾವಣಗೆರೆ, ಹಾವೇರಿ. ಪ್ರತಿಯೊಬ್ಬನ ಕಿಸೆಯಲ್ಲೂ ಜಿಪಿಎಸ್, ಅರ್ಧಕ್ಕರ್ಧ ಚೀನಾದ್ದೇ. ನಡುರಾತ್ರಿ ಆಯಿಯ ಫೋನು. ‘ಅಪ್ಪಿ, ಎಲ್ಲಿಗೆ ಬಂದ್ಯೋ?’ ‘ಹಾವೇರಿ ದಾಟ್ತು ಆಯಿ.’ ಅಷ್ಟು ಕೇಳಿದ ಮೇಲೆಯೇ ಆಯಿಗೆ ನಿದ್ದೆ. ಆ ಚೀನಾದ ವಿಜ್ಞಾನಿಯೂ ಪಾಪ, ಸೀಗಲ್ಲಿನ ಆಯಿ ಇದ್ದ ಹಾಗೆ. ಎಲ್ಲಿ ಮುಟ್ಟಿತು, ಹೊಟ್ಟೆಗೇನು ಸಿಕ್ಕಿತು, ವಾಪಸು ಯಾವಾಗ. ಇಲ್ಲಿ ಒಂದೇ ವ್ಯತ್ಯಾಸ. ಸೀಗಲ್ ಬೇಸಿಗೆಗೆ ತಪ್ಪದೆ ತವರಿಗೆ ಹೋಗುತ್ತದೆ. ನಮ್ಮ ಮಾಣಿಗಳಿಗೆ ರಜೆ ಸಿಗುವುದಿಲ್ಲ.

ನಮ್ಮ ಅಂಗಳಕ್ಕೂ ಮಳೆಗಾಲ ಮುಗಿದ ಮೇಲೆ ಹಿಮಾಲಯದ ಕಡೆಯಿಂದ ಬೂದು ಸಿಪಿಲೆ ಬರುತ್ತದೆ. ಅಜ್ಜಿಯ ಬಾಯಲ್ಲಿ ಅದು ಕುಂಡೆಕುಸ್ಕ. ಅಡಿಕೆ ಒಣಗಿಸುವ ಅಟ್ಟದ ಕೆಳಗೆ ಬಾಲ ಕುಣಿಸುತ್ತಾ ಓಡಾಡುತ್ತದೆ. ಮೊನ್ನೆ ಪಕ್ಕದ ಮನೆಯವರು ಬಗ್ಗಿ ಬಗ್ಗಿ ಅದರ ಬೆನ್ನು ನೋಡುತ್ತಿದ್ದರು. ಅಡಿಕೆಗೆ ಎಷ್ಟು ದರ ಸಿಕ್ಕಿತು ಅನ್ನುವುದು ಹೊರಗೆ ಹೋದರೆ ಕಷ್ಟ ಅಂತಿರಬೇಕು.

ಕೈಗಾದವರನ್ನು ಇಲ್ಲಿ ಹೊಗಳಲೇಬೇಕು. ಅಲ್ಲಿ ಚಳಿಗಾಲದಲ್ಲಿ ಅಣುಸ್ಥಾವರದವರೇ ಬರ್ಡ್ ಮ್ಯಾರಥಾನ್ ಮಾಡುತ್ತಾರೆ. ಬೇರೆ ಬೇರೆ ಊರಿನ ಜನ ದುರ್ಬೀನು, ಉದ್ದ ಮೂತಿಯ ಕ್ಯಾಮೆರಾ ಹಿಡಿದು ಸುತ್ತಲಿನ ಕಾಡಿನಲ್ಲಿ ಹಕ್ಕಿ ಎಣಿಸುತ್ತಾರೆ. ಒಳ್ಳೆಯ ಕೆಲಸ. ನಾವು ಹಕ್ಕಿಯನ್ನು ನೋಡಬಹುದು, ಹಕ್ಕಿ ನಮ್ಮನ್ನು ನೋಡಬಾರದು, ಅಷ್ಟೇ ನಿಯಮ.

ಹಾಗೆ ನೋಡಿದರೆ ನಮ್ಮ ಕರಾವಳಿಯಲ್ಲಿ ಹಕ್ಕಿ ಹೆಸರಿಟ್ಟ ಜಾಗಕ್ಕೆ ಒಳ್ಳೇದಾಗುವುದು ಕಮ್ಮಿ. ಮುರ್ಡೇಶ್ವರದ ಎದುರಿನ ನೇತ್ರಾಣಿಗೆ ಇಂಗ್ಲಿಷಿನಲ್ಲಿ ಪಿಜನ್ ಐಲ್ಯಾಂಡ್, ಪಾರಿವಾಳದ ದ್ವೀಪ, ಅಂತ ಹೆಸರು. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ನೌಕಾಪಡೆ ಗುಂಡು ಹಾರಿಸಿ ಗುರಿ ಅಭ್ಯಾಸ ಮಾಡಿದ್ದೂ ಅಲ್ಲೇ.

ಇನ್ನೊಂದು ಹೆಸರು ಸೀಬರ್ಡ್. ಕಾರವಾರದಲ್ಲಿ ಸೀಬರ್ಡ್ ಅಂದರೆ ಯಾರೂ ಆಕಾಶ ನೋಡುವುದಿಲ್ಲ. ಅದು ನೌಕಾನೆಲೆ ಯೋಜನೆಯ ಹೆಸರು. 1986ರಲ್ಲಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಅಂತ ಶುರುವಾಯಿತು. ನಡುವೆ ಅರ್ಗಾ ಮತ್ತು ಸುತ್ತಲಿನ ಹಳ್ಳಿಗಳ ಸಾವಿರಾರು ಕುಟುಂಬ ಎದ್ದುಹೋದವು. ಗದ್ದೆ ಹೋಯಿತು, ತೆಂಗಿನ ತೋಟ ಹೋಯಿತು, ದೋಣಿ ಎಳೆಯುವ ದಂಡೆ ಹೋಯಿತು. ಬದಲಿಗೆ ಒಂದು ಹೆಸರು ಸಿಕ್ಕಿತು, ‘ಸೀಬರ್ಡ್ ನಿರಾಶ್ರಿತರು’ ಅಂತ. ಇದೂ ಒಂದು ವಲಸೆ. ವಾಪಸು ಹೋಗುವ ಋತು ಇಲ್ಲದ್ದು.

ಆ ಜನ ಪರಿಹಾರಕ್ಕಾಗಿ ಎಷ್ಟು ವರ್ಷ ಅಲೆದರು! ಆ ಕಚೇರಿ, ಈ ಕಚೇರಿ, ಆ ಕೋರ್ಟು, ಮೇಲಿನ ಕೋರ್ಟು. ದುಡ್ಡು ಕೈಗೆ ಬರುವ ಮೊದಲೇ ಕಣ್ಣು ಮುಚ್ಚಿದವರು ಇದ್ದಾರೆ. ಅವರಿಗಾಗಿ ಯಾವ ಟೀವಿಯೂ ಕೆಂಪು ವೃತ್ತ ಹಾಕಲಿಲ್ಲ. ದೇಶಕ್ಕೆ ನೌಕಾನೆಲೆ ಬೇಕು, ಸರಿ. ಬೇಡ ಅಂತ ಅವರೂ ಹೇಳಲಿಲ್ಲ, ಎದ್ದುಹೋದರು. ಕೊಡಬೇಕಾದದ್ದನ್ನು ಕೊಡಲಿಕ್ಕೆ ಇಷ್ಟು ಸತಾಯಿಸಬೇಕಿತ್ತಾ? ಒಂದು ಹಕ್ಕಿ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತ್ತು ಅಂತ ಒಂದೇ ದಿನದಲ್ಲಿ ಇಡೀ ರಾಜ್ಯ ಕೇಳುತ್ತದೆ. ಈ ಜನ ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಅಂತ ಯಾರೂ ಕೇಳುವುದಿಲ್ಲ. ಬೆನ್ನಿಗೊಂದು ಚೀನಾ ಡಬ್ಬಿ ಕಟ್ಟಿಕೊಂಡು ಬೀಚಿನಲ್ಲಿ ಮಲಗಿದ್ದರೆ ಕೇಳುತ್ತಿದ್ದರೋ ಏನೋ. ಬರೆಯಲಿಕ್ಕೂ ಬೇಸರ ಬಂದುಹೋಗಿದೆ.

ಇರಲಿ. ಗಾಯಗೊಂಡ ಸೀಗಲ್‌ನ ಅದೃಷ್ಟ ನೋಡಿ. ಅದಕ್ಕೆ ಊರಲ್ಲೇ ಚಿಕಿತ್ಸೆ ಆಯಿತು. ನಮ್ಮ ಜಿಲ್ಲೆಯ ಮನುಷ್ಯರಾಗಿದ್ದರೆ ‘ಇಲ್ಲಿ ಆಗಲ್ಲ, ಮಣಿಪಾಲಕ್ಕೆ ಕರ್ಕೊಂಡು ಹೋಗಿ’ ಅಂತ ಚೀಟಿ ಬರೆದುಕೊಡುತ್ತಿದ್ದರು.

ಆ ವಾರ ಮೀನು ಪೇಟೆಗೆ ಹೋಗಿದ್ದೆ. ನಾನು ಯಾವಾಗಲೂ ಮೀನು ತೆಗೆದುಕೊಳ್ಳುವ ಅಕ್ಕನ ಬುಟ್ಟಿಯಲ್ಲಿ ಅಂದು ನಾಲ್ಕು ಸಣ್ಣ ಬಂಗಡೆ, ಅಷ್ಟೆ. ದರ ಕೇಳಿ ಎದೆ ಒಡೆಯಿತು. ಮಾತು ಬದಲಿಸೋಣ ಅಂತ ಚೀನಾದ ಹಕ್ಕಿಯ ವಿಷಯ ತೆಗೆದೆ. ಅಕ್ಕನಿಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಹಕ್ಕಿಗಳು ಗುಂಪು ಕೂಡಿದಲ್ಲಿ ಮೀನು ಇರುತ್ತದೆ, ದೋಣಿಯವರು ಅದನ್ನೇ ನೋಡಿ ಬಲೆ ಬಿಡುತ್ತಿದ್ದರು ಅಂದಳು. ಆಮೇಲೆ ಕತ್ತಿ ಕೆಳಗಿಟ್ಟು ಕೇಳಿದಳು:

‘ಅಣ್ಣಾ, ಆ ಡಬ್ಬಿ ಮೇಲೆ ಚೀನಾದವ್ರ ಅಡ್ರೆಸ್ ಇತ್ತು ಅಂದ್ರಲ್ಲ. ನಿಮ್ಗೆ ಬರೂಕೆ ಗೊತ್ತಲ್ಲ? ಈ ಸಲ ಬಂಗಡೆ ಎಲ್ಲಿ ಅದೆ ಅಂತ ಒಂದು ಕೇಳಿ ನೋಡಿ.’