ಬೇವಿನ ನೆರಳು ಎಸ್‌ಆರ್‌ನಲ್ಲಿ ಇಲ್ಲ

ನಮ್ಮೂರ ಶಾಲೆಗೆ ಹೊಸ ಕೋಣೆ ಬಂದಿದೆ. ಕಟ್ಟಿದ್ದೇವೆ ಅಂತ ಹೇಳೋ ಹಾಗಿಲ್ಲ, ಬಂದಿದೆ ಅಂತಲೇ ಹೇಳಬೇಕು. ನಕ್ಷೆ ಬೆಂಗಳೂರಿನಿಂದ ಬಂತು. ಸಿಮೆಂಟು ಲಾರಿಯಲ್ಲಿ ಬಂತು. ಕೆಲಸದವರು ಎಲ್ಲಿಂದಲೋ ಬಂದು, ಕಟ್ಟಿ, ಹೋದರು. ನಮ್ಮ ಮಾನ್ವಿ ಕಡೆಯ ಗೌಂಡಿಗಳು ಆಗ ಊರಲ್ಲೇ ಇರಲಿಲ್ಲ. ಅಪಾರ್ಟ್‌ಮೆಂಟ್ ಕಟ್ಟೋಕೆ ಬೆಂಗಳೂರಿಗೆ ಗುಳೆ ಹೋಗಿದ್ದರು. ನಕ್ಷೆ ಬಂದ ಬಸ್ಸೂ ಗೌಂಡಿ ಹೋದ ಬಸ್ಸೂ ಸಿರುಗುಪ್ಪದ ಹತ್ತಿರ ಎಲ್ಲೋ ಎದುರುಬದುರಾಗಿ, ಒಂದಕ್ಕೊಂದು ಹಾರ್ನ್ ಹೊಡೆದಿರಬೇಕು.

ಕಟ್ಟೋ ಮೊದಲು ಊರಿನವರ ಅಭಿಪ್ರಾಯ ಕೇಳಬೇಕು ಅಂತ ಸಭೆ ಕರೆದಿದ್ದರು. ಸುಳ್ಳು ಯಾಕೆ ಹೇಳಲಿ, ಕೇಳಿದರು. ಒಗ್ಗರಣಿ, ಮಿರ್ಚಿನೂ ಕೊಟ್ಟರು. ಶಾಲೆಯ ಉಸ್ತುವಾರಿ ನೋಡೋ ಪೋಷಕರ ಸಮಿತಿ ಎಸ್‌ಡಿಎಂಸಿಯ ಒಬ್ಬ ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ಸರ, ಈ ಬ್ಯಾವಿನ ಗಿಡ ಇರ‍್ಲಿ ಬಿಡ್ರಿ. ಹುಡುಗ್ರು ಇದರ ಬುಡಕ್ಕ ಉಣ್ತಾವ. ಕೋಣಿ ಒಂದೀಟು ಆ ಕಡಿ ಸರಸ್ರಿ.”

ಇಂಜಿನಿಯರ್ ಸಾಹೇಬರು ಕೆಟ್ಟವರಲ್ಲ. ಬೇಜಾರಿನಿಂದಲೇ ಹೇಳಿದರು. “ಗಿಡ ಕಡಿಯಾಕ ಎಸ್‌ಆರ್‌ನಾಗ ರೇಟ್ ಐತಿ ಬೇ. ಉಳಿಸಾಕ ರೇಟ್ ಇಲ್ಲ.”

ಎಸ್‌ಆರ್ ಅಂದರೆ ಯಾವ ಕೆಲಸಕ್ಕೆ ಎಷ್ಟು ದರ ಅಂತ ಸರ್ಕಾರ ಬರೆದಿಟ್ಟಿರುವ ಪಟ್ಟಿ. ಅದರಲ್ಲಿ ಇದ್ದರೆ ಆ ವಸ್ತು ಲೋಕದಲ್ಲಿ ಇದೆ, ಇಲ್ಲದಿದ್ದರೆ ಇಲ್ಲ. ನೆರಳಿಗೆ ಚದರ ಮೀಟರಿಗೆ ಎಷ್ಟು ಅಂತ ಯಾರೂ ಬರೆದಿಲ್ಲ. ಹಾಗಾಗಿ ನಮ್ಮೂರಲ್ಲಿ ಬೇವಿನ ಮರ ಇರಲಿಲ್ಲ ಅಂತ ತೀರ್ಮಾನವಾಯಿತು. ಮಾರನೇ ವಾರ ನಿಜಕ್ಕೂ ಇರಲಿಲ್ಲ. ಸಭೆಗೆ ಬಂದವರ ಸಹಿ ರಿಜಿಸ್ಟರಿನಲ್ಲಿ ಇತ್ತಲ್ಲ, ಸಮುದಾಯದ ಸಹಭಾಗಿತ್ವ ಅಲ್ಲಿಗೆ ಮುಗಿಯಿತು.

ಸರ್ಕಾರಕ್ಕೆ ನಮ್ಮ ಬಿಸಿಲು ಗೊತ್ತಿಲ್ಲ ಅಂತಲ್ಲ. ಏಪ್ರಿಲ್, ಮೇ ಬಂತು ಅಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಆದೇಶವೇ ಹೊರಡುತ್ತೆ. ಗಡಿಯಾರಕ್ಕೆ ಗೊತ್ತಿರೋದು ನಕ್ಷೆಗೆ ಗೊತ್ತಿಲ್ಲ, ಅಷ್ಟೇ. ಮಲೆನಾಡಿಗೂ ಅದೇ ಕೋಣೆ, ರಾಯಚೂರಿಗೂ ಅದೇ ಕೋಣೆ. ಮೇಲೆ ಬೋಳು ಸ್ಲ್ಯಾಬ್. ಅದು ಹಗಲೆಲ್ಲ ಕಾದು ಆ ಕಾವನ್ನು ಕೆಳಗಿನ ಮಕ್ಕಳ ತಲೆಗೆ ಇಳಿಸುತ್ತೆ. ನಮ್ಮಜ್ಜನ ಮನೆಗೆ ಎರಡಡಿ ದಪ್ಪದ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನವೂ ಅಲ್ಲಿ ಗೊರಕೆ ಹೊಡೆಯಬಹುದಿತ್ತು. ಈಗಿನ ಕೋಣೆಯಲ್ಲಿ ಮಾರ್ಚ್‌ಗೇ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಬೆನ್ನಿನ ಅಂಗಿ ಪೂರ್ತಿ ಒದ್ದೆ. ಗೋಡೆ ಮೇಲೆ ಮಾತ್ರ ತಂಪು. ಪೇಂಟರ್ ಒಬ್ಬ ಜೋಗ ಜಲಪಾತ, ಎರಡು ತೆಂಗಿನ ಮರ, ಒಂದು ನವಿಲು ಬರೆದು ಹೋಗಿದ್ದಾನೆ.

ಬಣ್ಣ ಅಂದಾಗ ನೆನಪಾಯಿತು. 2022ರ ನವೆಂಬರ್‌ನಲ್ಲಿ ವಿವೇಕ ಯೋಜನೆಯ ಶಾಲಾ ಕೋಣೆಗಳಿಗೆ ಕೇಸರಿ ಬಳಿಯಬೇಕೋ ಬೇಡವೋ ಅಂತ ಇಡೀ ರಾಜ್ಯ ಬಡಿದಾಡಿತು. ಟೀವಿಯಲ್ಲಿ ಎರಡೂ ಕಡೆಯವರು ಬೆವರಿದರು. ಆ ಕೋಣೆಗೆ ಕಿಟಕಿ ಎಷ್ಟು, ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತೆ ಅಂತ ಕೇಳಿ ಬೆವರಿದವರನ್ನು ನಾನಂತೂ ನೋಡಲಿಲ್ಲ.

ಸಭೆಯಲ್ಲಿ ನಾನೂ ಸುಮ್ನೆ ಕೂರಲಿಲ್ಲ, ಜಾಣತನ ತೋರಿಸಿದೆ. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಗಾಂಡೊ ಅಂತ ಒಂದು ಹಳ್ಳಿ, ಅಲ್ಲೂ ನಮ್ಮಷ್ಟೇ ಬಿಸಿಲು ಅಂದೆ. ಅದೇ ಊರಿನ ಹುಡುಗ ಫ್ರಾನ್ಸಿಸ್ ಕೆರೆ ಹೊರದೇಶದಲ್ಲಿ ಓದುತ್ತಿರುವಾಗಲೇ ಊರವರನ್ನೇ ಕೂಡಿಸಿಕೊಂಡು ಮಣ್ಣಿನ ಇಟ್ಟಿಗೆಯಲ್ಲಿ ಶಾಲೆ ಕಟ್ಟಿದ. 2001ರಲ್ಲಿ ಮುಗಿಯಿತು. ಇಟ್ಟಿಗೆಯ ಚಾವಣಿ, ಅದರ ಮೇಲೆ ಅಂತರ ಬಿಟ್ಟು ಎತ್ತಿ ನಿಲ್ಲಿಸಿದ ತಗಡು. ನಡುವೆ ಗಾಳಿ ಓಡಾಡುತ್ತೆ, ಬಿಸಿ ಹೊರಗೆ ಹೋಗುತ್ತೆ. 2022ರಲ್ಲಿ ಅವನಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಕಟ್ಟಡದ ವಿನ್ಯಾಸ ಮಾಡುವವರಿಗೆ ಅದಕ್ಕಿಂತ ದೊಡ್ಡದು ಇಲ್ಲ ಅಂತಾರೆ.

ಸಾಹೇಬರು ಮಿರ್ಚಿ ತೊಟ್ಟು ಪಕ್ಕಕ್ಕಿಟ್ಟು ಕೇಳಿದರು. “ಟೆಂಡರ್ ಕರೆದಿದ್ರೇನ್ರಿ ಅವ್ರು?”

ನಮ್ಮ ಕೋಣೆ ಕಟ್ಟಿಸಿದವರು ಕಾನೂನು ಮಾತ್ರ ಪಾಲಿಸಿದ್ದಾರೆ. ನಡೆಯಲಾಗದ ಮಕ್ಕಳೂ ಒಳಗೆ ಬರುವ ಹಾಗಿರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತೆ, ಹಾಗಾಗಿ ರ‍್ಯಾಂಪ್ ಇದೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು ಅನ್ನೋದು ಲೆಕ್ಕ. ನಮ್ಮದು ಎರಡಡಿ ಎತ್ತರ, ಐದಡಿ ಉದ್ದ. ಗಾಲಿಕುರ್ಚಿ ಬಿಡಿ, ಮೇಕೆ ಕೂಡ ಯೋಚನೆ ಮಾಡಿ ಹತ್ತುತ್ತೆ. ಮಕ್ಕಳಿಗೆ ಅದು ಜಾರುಬಂಡೆ. ರಜೆಯಲ್ಲಿ ಪಕ್ಕದ ಮನೆಯ ಅಕ್ಕ ಅದರ ಮೇಲೆ ಮೆಣಸಿನಕಾಯಿ ಒಣ ಹಾಕುತ್ತಾಳೆ. ಇಳಿಜಾರು ಸರಿಯಾಗಿ ದಕ್ಷಿಣಕ್ಕಿದೆ, ನಾಲ್ಕೇ ದಿನಕ್ಕೆ ಗರಿಗರಿ. ಕಟ್ಟಡದಿಂದ ಊರು ಏಳಿಗೆ ಆಗಬೇಕು ಅಂತ ಎಲ್ಲರೂ ಹೇಳ್ತಾರಲ್ಲ, ಆಗಿರೋದು ಇಷ್ಟು.

ಆದರೆ ಚುನಾವಣೆ ಬಂದಾಗ, ಒಂದೇ ದಿನ, ಅದು ನಿಜವಾದ ಊರ ಕಟ್ಟಡ ಆಗುತ್ತೆ. ಮತದಾನದ ದಿನ. ಶಾಮಿಯಾನ ಬರುತ್ತೆ, ಕುಡಿಯೋ ನೀರಿನ ಕ್ಯಾನ್ ಬರುತ್ತೆ, ಲೈಟು ಉರಿಯುತ್ತೆ, ವಯಸ್ಸಾದವರಿಗೆ ಗಾಲಿಕುರ್ಚಿ, ಮರದ ಹಲಗೆಯ ಉದ್ದನೆ ರ‍್ಯಾಂಪ್. ಪಾಯಖಾನೆಯಲ್ಲೂ ನೀರು! ಸಂಜೆ ಪೆಟ್ಟಿಗೆಯ ಜೊತೆ ಎಲ್ಲವೂ ಹೊರಡುತ್ತೆ. ಮರುದಿನ ಮಕ್ಕಳು ಬಂದು ಬೆರಳಿನ ಶಾಯಿ ಗುರುತು ಗೋಡೆಯ ನವಿಲಿನ ಮೇಲೆ ಹುಡುಕುತ್ತವೆ.

ಉಳಿದ ದಿನ ಸಂಜೆ ಐದಕ್ಕೆ ಗೇಟಿಗೆ ಬೀಗ. ಹೆಣ್ಣುಮಕ್ಕಳು ಸಂಘದ ಸಭೆ ಮಾಡ್ತೀವಿ ಅಂದರು, ಹುಡುಗರು ಓದಿಕೊಳ್ತೀವಿ ಅಂದರು. ಕಟ್ಟಡ ಹಾಳಾಗುತ್ತೆ ಅಂತ ಉತ್ತರ ಬಂತು.

ಯುಗಾದಿಗೆ ಗೌಂಡಿ ಕಾಕಾ ಬೆಂಗಳೂರಿನಿಂದ ಬಂದಿದ್ದರು. ಹೊಸ ಕೋಣೆ ತೋರಿಸೋಣ ಅಂತ ಕರೆದುಕೊಂಡು ಹೋದೆ. ಬೀಗ. ಗೇಟಿನ ಸರಳು ಹಿಡಿದು ಬಹಳ ಹೊತ್ತು ನೋಡಿದರು.

“ಕಿಟಕಿ ಎಲ್ಲಾ ಒಂದ ಕಡಿಗೆ ಯಾಕ ಇಟ್ಟಾರ? ಗಾಳಿ ಬಂದ ದಾರೀಲೇ ತಿರಿಗಿ ಹೋಗಬೇಕೇನು? ಅಲ್ಲಿ ಎಸಿ ಹಾಕೋ ಮನಿಗೇ ನಾವು ಎರಡೂ ಕಡಿ ಇಡ್ತೀವಿ.”

ನಾನು ಏನು ಹೇಳಲಿ. ಬಾಗಿಲ ಪಕ್ಕದ ಗ್ರಾನೈಟ್ ಕಲ್ಲು ತೋರಿಸಿದೆ. ಇಡೀ ಕಟ್ಟಡದಲ್ಲಿ ನಮ್ಮ ಜಿಲ್ಲೆಯದು ಅಂತ ಇರೋದು ಅದೊಂದೇ, ಮುದಗಲ್ ಕಡೆಯ ಕಲ್ಲು. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತರು ಅಂತ ಹೊಂಬಣ್ಣದ ಅಕ್ಷರದಲ್ಲಿ ಉದ್ದಕ್ಕೆ ಹೆಸರು. ಕಾಕಾ ಕಣ್ಣು ಕಿರಿದು ಮಾಡಿಕೊಂಡು ಬೆರಳು ಮಡಚುತ್ತಾ ಎಣಿಸಿದರು.

“ಹದಿನೇಳು ಮಂದಿ ಕೈ ಹಚ್ಚ್ಯಾರಲ್ಲೋ ತಮ್ಮಾ, ಒಂದು ಕೋಣಿಗೆ! ನಾವು ಐದ ಮಂದಿ ಮುಗಸ್ತಿದ್ವಿ.”